ಹಿಂದುಮುಂದಾಗಿ ಕೂತ ಕಿವಿ ಮೇಸ್ತ್ರಿ

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಯಾವ ಚಕ್ರದ ಬೇರಿಂಗು ಕೆಟ್ಟಿದೆ ಎಂದು, ಕೈಯಲ್ಲಿದ್ದ ಚಹಾ ಲೋಟ ಕೆಳಗಿಡದೆ ಹೇಳಿಬಿಡುತ್ತಿದ್ದ ಭೂಪ. ಗ್ಯಾರೇಜಿನಲ್ಲಿ ಅವನ ಸಮಸಮಕ್ಕೆ ದುಡಿಯುವ ಮಗಳಿಗೂ ಅಪ್ಪನ ಕಿವಿಯದೇ ಕೊನೆಯ ಮಾತು. ಹೆಂಡತಿಯೊಬ್ಬಳು ಮಾತ್ರ, ನಾನು ಕರೆದರೆ ಆ ಕಿವಿಗೆ ಕೇಳಿಸುವುದೇ ಇಲ್ಲ ಎಂದು ವರ್ಷದಿಂದ ಗೊಣಗುತ್ತಿದ್ದಳು. ಅದು ಎಲ್ಲ ಗಂಡಂದಿರಿಗೂ ಇರುವ ಕಾಯಿಲೆ ಎಂದು ಮೇಸ್ತ್ರಿ ನಕ್ಕು ತಳ್ಳಿಹಾಕಿದ್ದ.

ಅವತ್ತು ಬಂದದ್ದು ಹೂಕುಂಡ ಮಾರುವವನ ಹಳೇ ಪಿಕಪ್. ವೇಗ ಏರಿದಂತೆ ಮುಂದುಗಡೆಯಿಂದ ಗುಂಯ್ ಎಂದು ಸದ್ದು. ಮೇಸ್ತ್ರಿ ಮಗಳನ್ನು ಎಡಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಬಂದು, ಬಲಚಕ್ರದ ನಡುವಿನ ಹಬ್ಬು, ಅದರೊಳಗಿನ ಬೇರಿಂಗು ಎಂದು ತೀರ್ಪು ಕೊಟ್ಟ. ಮಗಳು ಇಳಿದು ತಲೆ ಕೆರೆದುಕೊಂಡಳು. ಗಾಡಿ ಬಲಕ್ಕೆ ತಿರುಗಿದಾಗ ಸದ್ದು ಜೋರಾಗುತ್ತಿತ್ತು. ಬಲಕ್ಕೆ ತಿರುಗಿದರೆ ಭಾರ ಎಡಚಕ್ರದ ಮೇಲೆ ಬೀಳುತ್ತದೆ, ಆಗ ಅರಚುವುದು ಎಡಗಡೆಯ ಬೇರಿಂಗು ಎಂದು ಅವಳಿಗೆ ಕಲಿಸಿದವನೂ ಇದೇ ಅಪ್ಪ. ಅದನ್ನೇ ನೆನಪಿಸಿದಳು. ಕಿವಿ ಗಟ್ಟಿ ಇರುವವರಿಗೆ ಪಾಠ ಬೇಡ ಎಂದುಬಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಸರಿ, ಬಲಚಕ್ರ ಬಿಚ್ಚಿದರು. ಬ್ರೇಕು ಕಳಚಿ, ನಟ್ಟು ತೆಗೆದು, ಹಬ್ಬು ಎಳೆದು, ಹಳೆಯ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದರು. ರೋಲರುಗಳು ಒಂದು ಕಲೆಯೂ ಇಲ್ಲದೆ ಫಳಫಳ ಹೊಳೆದವು. ಅವು ಕೆಟ್ಟೇ ಇರಲಿಲ್ಲ. ಮಗಳು ಸರಿಯಾಗಿ ನೋಡುವ ಮೊದಲೇ ಮೇಸ್ತ್ರಿ ಅವನ್ನು ಗುಜರಿ ಡಬ್ಬಕ್ಕೆ ಹಾಕಿ, ಹೊಸದು ಕೂರಿಸಿದ.

ಮತ್ತೆ ಓಡಿಸಿದರೆ ಅದೇ ಗುಂಯ್. ಈಗಿನ ಮಾಲೇ ಸರಿಯಿಲ್ಲ, ಹೊಸ ಬೇರಿಂಗೇ ಕೆಟ್ಟದ್ದು ಬಂದಿದೆ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಬಾಯಿ ಜೋರಾಗಿದ್ದರೂ ಒಳಗೆ ಅಳುಕು. ಈ ಕೈಕೆಲಸ ಯಾರು ಬೇಕಾದರೂ ಮಾಡಿಯಾರು. ಕಿವಿಯೇ ಕೈಕೊಟ್ಟರೆ ಕಿವಿ ಮೇಸ್ತ್ರಿಯಲ್ಲಿ ಉಳಿಯುವುದೇನು?

ಮಗಳು ವಾದಕ್ಕಿಳಿಯಲಿಲ್ಲ. ಅವನ ಬಲಕ್ಕೆ ಬಂದು ನಿಂತಳು.

"ಅಪ್ಪ, ಈ ಸಲ ನಾನು ಓಡಿಸ್ತೀನಿ. ನೀನು ಎಡಸೀಟಲ್ಲಿ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ ಕೂತ್ಕೋ."

"ನನಗೇನು ತಲೆ ಕೆಟ್ಟಿದ್ಯಾ?"

"ಒಂದೇ ಒಂದು ಸುತ್ತು."

ಅರವತ್ತು ದಾಟಿದ ಮೇಸ್ತ್ರಿ ಸೀಟಿನ ಬೆನ್ನು ತಬ್ಬಿಕೊಂಡು, ಹಿಂದಿನ ಗಾಜಿನಲ್ಲಿ ಇಣುಕುವ ಮಗುವಿನ ಹಾಗೆ ಕೂತ. ಫುಟ್‌ಪಾತಿನಲ್ಲಿ ಕಾಯುತ್ತಿದ್ದ ಕುಂಡದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ಕೂತಾಗ ಮೇಸ್ತ್ರಿಯ ಬಲಗಿವಿ ಗಾಡಿಯ ಎಡಬದಿಗೆ ಬಂದಿತ್ತು. ಗಾಡಿ ವೇಗ ಹಿಡಿಯಿತು. ಇಷ್ಟು ಹೊತ್ತು ಬಲಗಡೆ ಇದ್ದ ಸದ್ದು ಈಗ ಎಡಕಿಟಕಿಯಿಂದ ಒಳಕ್ಕೆ ನುಗ್ಗಿತು. ಸದ್ದು ಜಾಗ ಬದಲಿಸಲು ಸಾಧ್ಯವಿಲ್ಲ, ಬದಲಾದದ್ದು ಕಿವಿ. ಅಂದರೆ ಅವನಿಗೆ ಕೇಳಿಸುತ್ತಿದ್ದದ್ದು ಒಂದೇ ಕಿವಿಯಲ್ಲಿ. ಆ ಕಿವಿ ಯಾವ ಕಡೆಗಿದೆಯೋ ಸದ್ದೂ ಆ ಕಡೆಯದೇ ಎಂದು ಅವನು ನಂಬಿದ್ದ.

ಇಳಿದವನು ಬಾನೆಟ್ಟಿಗೆ ಒರಗಿದ. ದುಃಖವಾಯಿತು, ನಾಚಿಕೆಯೂ ಆಯಿತು.

"ಎಡಗಿವಿ ಹೋಗಿದೆ ಕಣೇ."

"ಅಮ್ಮ ವರ್ಷದಿಂದ ಅದನ್ನೇ ಹೇಳ್ತಿದಾಳೆ," ಎಂದಳು ಮಗಳು.

ಮೇಸ್ತ್ರಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಸೀದಾ ಕುಂಡದವನ ಬಳಿ ಹೋಗಿ, ತಪ್ಪು ನನ್ನದು, ಚೆನ್ನಾಗಿದ್ದದ್ದನ್ನು ಬಿಚ್ಚಿ ಕೆಟ್ಟದ್ದನ್ನು ಬಿಟ್ಟೆ ಎಂದು ಒಪ್ಪಿಕೊಂಡ. ಅವನೋ, ಎರಡೂ ಕಡೆ ಹೊಸದಾದರೆ ನನಗೇನು ಕಷ್ಟ, ಅಷ್ಟರಲ್ಲಿ ಇನ್ನೊಂದು ಚಹಾ ಕುಡಿದು ಬರುತ್ತೇನೆ ಎಂದು ಹೊರಟ.

ಎಡಗಡೆಯ ಬೇರಿಂಗು ತೊಳೆದಾಗ ರೋಲರುಗಳ ಮೈಯೆಲ್ಲ ಕಿತ್ತುಬಂದಿತ್ತು. ಮಗಳು ಹಬ್ಬಿನೊಳಗೆ ಹೊಸ ಬೇರಿಂಗಿನ ಹೊರಬಳೆಗಳನ್ನು ಸುತ್ತಲೂ ಸಮನಾಗಿ ಬಡಿದು ಕೂರಿಸಿದಳು. ಮೇಸ್ತ್ರಿ ಅಂಗೈಯಲ್ಲಿ ಗ್ರೀಸು ಹಾಕಿಕೊಂಡು ಬೇರಿಂಗಿನ ಸಂದುಸಂದಿಗೂ ತುಂಬಿದ. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಚೂರೇ ಚೂರು ಸಡಿಲಿಸಿ, ಅದು ಕಳಚದಂತೆ ಪಿನ್ನು ಹಾಕಿದ. ಆಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಅಲುಗಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಅವನ ಮನಸ್ಸು ಹಗುರಾಯಿತು.

ಕೊನೆಯ ಸುತ್ತಿಗೆ ಮೇಸ್ತ್ರಿಯೇ ಸ್ಟಿಯರಿಂಗ್ ಹಿಡಿದ, ಮಗಳು ಎಡಸೀಟಿನಲ್ಲಿ ಕೂತಳು. ಅವನಿಗೆ ಸದ್ದು ಹೋದ ಹಾಗೆಯೇ ಇತ್ತು. ಆದರೆ ತನಗೆ ಕೇಳಿಸದ ಎಡಗಡೆ ಸಣ್ಣಗೆ ಏನಾದರೂ ಉಳಿದಿದ್ದರೆ? ಗಾಡಿಯ ಸದ್ದಿನ ಬಗ್ಗೆ ಅವನು ಈ ಜನ್ಮದಲ್ಲಿ ಇನ್ನೊಬ್ಬರನ್ನು ಕೇಳಿದವನಲ್ಲ. ಬಲಕ್ಕೆ ತಿರುಗುವ ದೊಡ್ಡ ತಿರುವು ದಾಟಿದ ಮೇಲೆ ಪಿಕಪ್ಪನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸೀಟಿನಲ್ಲೇ ಹಿಂದಕ್ಕೆ ತಿರುಗಿ, ಬಲಗಿವಿಯನ್ನು ಮಗಳ ಕಡೆಗೆ ಒಡ್ಡಿದ.

"ಹೋಯ್ತೇನಮ್ಮ?"

"ಪೂರ್ತಿ ಹೋಯ್ತು ಅಪ್ಪ."

ಮೇಸ್ತ್ರಿ ಇನ್ನೊಂದು ಸುತ್ತು ಹೊಡೆಯಲಿಲ್ಲ. ನೇರವಾಗಿ ಗ್ಯಾರೇಜಿಗೆ ಬಂದು ಕುಂಡದವನ ಕೈಗೆ ಕೀಲಿ ಕೊಟ್ಟ.

"ಧೈರ್ಯವಾಗಿ ತಗೊಂಡು ಹೋಗಿ. ನನ್ನ ಮಗಳು ಕೇಳಿ ನೋಡಿದಾಳೆ."