ದೇಸಾಯರ ಕೆಳಗಿನ ಹೊರಸು

ನಾನು ಒಂದು ಬಾಣಂತಿ ಹೊರಸು, ಹಡೆದವರು ಮಲಗುವ ಹಗ್ಗದ ಮಂಚ. ಬಡಿಗೇರ ಮೌನೇಶಪ್ಪ ಜಾಲಿ ಕಟ್ಟಿಗೆ ಕೆತ್ತಿ, ಪುಂಡಿ ನಾರಿನ ಹಗ್ಗ ಹೆಣೆದು ನನ್ನನ್ನು ಮಾಡಿದ. ನನಗೆ ಸ್ವಂತ ಮನೆ ಇರಲಿಲ್ಲ. ಓಣಿಯಲ್ಲಿ ಯಾರು ಹಡೆದರೂ ಅವರ ಮನೆಗೆ ಹೋಗುತ್ತಿದ್ದೆ. ನನ್ನ ಕೆಳಗೆ ಕೆಂಡ ಇಟ್ಟು ಅದಕ್ಕೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕುತ್ತಿದ್ದರು. ಹೆಣಿಗೆಯ ಸಂದಿನಿಂದ ಹೊಗೆ ಏರಿ ತಾಯಿಗೂ ಕೂಸಿಗೂ ಕಾವು ಕೊಡುತ್ತಿತ್ತು. ಒಮ್ಮೆ ಕೆಂಡ ಸಿಡಿದು ನನ್ನ ಕಾಲೊಂದು ಸುಟ್ಟಿತು. ಯಾರಾದರೂ ಬೇರೆ ಮಂಚ ತಂದರೆ ಅದಕ್ಕೆ ನನ್ನ ಕಾಲಬದಿಯ ಹಗ್ಗ ಕಟ್ಟದೆ ಬಾಣಂತಿಯನ್ನು ಮಲಗಿಸುತ್ತಿರಲಿಲ್ಲ. ಹಗ್ಗ ಇದ್ದಲ್ಲಿ ಹೊರಸು ಇದ್ದಂತೆ, ಅದು ನಮ್ಮ ಓಣಿಯ ಪದ್ಧತಿ.

ಆಮೇಲೆ ಹಡೆಯುವವರು ಕಡಿಮೆಯಾದರು, ನಾನು ಕಟ್ಟೆಯ ಮೂಲೆ ಸೇರಿದೆ. ಒಂದು ದಿನ ಹೆದ್ದಾರಿ ಪಕ್ಕ ಪ್ರವಾಸಿಗರಿಗೆಂದು 'ಹಳೇ ಹಳ್ಳಿ' ಕಟ್ಟುವವರು ಲಾರಿ ತಂದು, ಯಾರನ್ನೂ ಕೇಳದೆ ನನ್ನನ್ನು ಹೇರಿಕೊಂಡು ಹೋದರು.

ಅದೂ ಒಂದು ಹಳ್ಳಿಯಂತೆ! ಸೆಗಣಿಯಿಲ್ಲ, ನೊಣವಿಲ್ಲ, ಜಗಳವಿಲ್ಲ. ಸಿಮೆಂಟಿನ ಎತ್ತು, ಬಣ್ಣ ಬಳಿದ ಬಾವಿ, ಬಾವಿಯ ತುಂಬ ಚಿಪ್ಸಿನ ಪೊಟ್ಟಣ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ನನ್ನ ಮೇಲೆ ಪ್ಲಾಸ್ಟರಿನ ಮೀಸೆಯವನೊಬ್ಬನನ್ನು ಕೂರಿಸಿ 'ದೇಸಾಯರ ದರ್ಬಾರು ಮಂಚ' ಎಂದು ಫಲಕ ಹಾಕಿದರು. ಸುಟ್ಟ ಕಾಲು ಯುದ್ಧದ ಗುರುತಂತೆ. ಹೊರಸಿನ ಮೇಲೆ ಕೂತು ಯಾರು ಯುದ್ಧ ಮಾಡಿದರೋ, ಆ ಮೇಧಾವಿಗಳಿಗೇ ಗೊತ್ತು.

ಈ ಶ್ರಾವಣದಲ್ಲಿ ಫಕೀರವ್ವ ಬಂದಳು. ತನ್ನ ಬಾಣಂತನಗಳನ್ನೆಲ್ಲ ನನ್ನ ಮೇಲೆಯೇ ಮುಗಿಸಿದವಳು.

"ಸಾಹೇಬ್ರ, ನಮ್ಮ ಹೊರಸು ಒಂದ್ ತಿಂಗಳ ಮಟ್ಟಿಗೆ ಕೊಡ್ರಿ. ಮೊಮ್ಮಗಳು ಹಡದಾಳ. ನಾಳೆ ದವಾಖಾನಿಯಿಂದ ಮನಿಗೆ ಬರ್ತಾಳ."

ವ್ಯವಸ್ಥಾಪಕ ನಕ್ಕ. "ಇದು ಹೊರಗ ಹೋಗಂಗಿಲ್ಲ ಯವ್ವಾ. ಬೇಕಾದ್ರ ತಾಯಿ ಕೂಸನ್ನ ಇಲ್ಲೇ ಕರ್ಕೊಂಡ್ ಬರ್ರಿ. ದೇಸಾಯರನ್ನ ಎಬ್ಬಿಸಿ ಮಲಗಸೋಣು. ಜನಕ್ಕ ನೋಡಾಕ ಛಲೋ ಇರ್ತದ."

ನನಗೆ ಮೈಯೆಲ್ಲ ಉರಿದುಹೋಯಿತು. ದೃಷ್ಟಿ ತಾಗೀತೆಂದು ಬಾಣಂತಿಯನ್ನು ಕತ್ತಲ ಕೋಣೆಯಲ್ಲಿ ಮುಚ್ಚಿಡುವ ಮನೆಯವಳಿಗೆ ಆಡುವ ಮಾತೇ ಅದು?

ವ್ಯವಸ್ಥಾಪಕ ಫೋನ್ ಹಿಡಿದು ಹೊರಗೆ ಹೋದದ್ದೇ ತಡ, ಫಕೀರವ್ವ ಅಡ್ಡಕಟ್ಟಿದ ಸರಪಳಿ ದಾಟಿ ನನ್ನ ಕಾಲಬದಿಯ ಗಂಟು ಬಿಚ್ಚಿದಳು. ಇಡೀ ಹೆಣಿಗೆಯನ್ನು ಬಿಗಿಹಿಡಿಯುವ ಹಗ್ಗ ಅದು. ಸರಸರ ಎಳೆದು ಸೆರಗಿನೊಳಗೆ ಸುತ್ತಿಕೊಂಡಳು.

"ನಮ್ಮನಿ ಕಬ್ಬಿಣದ ಮಂಚಕ್ಕ ಇಷ್ಟ್ ಸಾಕು. ಮೀಸಿ ಗೊಂಬಿ ನೀವ ಇಟ್ಕೊರಿ" ಎಂದು ಗೊಣಗುತ್ತ ನಡೆದಳು.

ಹೆಣಿಗೆ ಸಡಿಲವಾಯಿತು. ದೇಸಾಯರು ಮೆಲ್ಲಗೆ ನನ್ನೊಳಗೆ ಕುಸಿದು ಎರಡೂ ಕಾಲು ಮೇಲೆ ಮಾಡಿದರು.

ಇಂದಿಗೂ ಹಾಗೇ ಇದ್ದಾರೆ. ಹೊರಸು ಬಿಗಿಯುವುದು ಅಲ್ಲಿ ಯಾರಿಗೂ ತಿಳಿಯದು. "ದೇಸಾಯರು ಹಿಂಗ ಆರಾಮ ತಗೋತಿದ್ರು" ಎಂದು ಗೈಡ್ ವಿವರಿಸುತ್ತಾನೆ, ಜನ ಫೋಟೊ ತೆಗೆಯುತ್ತಾರೆ. ತೆಗೆಯಲಿ. ನಾನು ಫಕೀರವ್ವನ ಮನೆಯಲ್ಲಿ, ಕಬ್ಬಿಣದ ಮಂಚದ ಕಾಲಿಗೆ ಸುತ್ತಿಕೊಂಡು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಕುಡಿಯುತ್ತಿದ್ದೇನೆ. ಅಲ್ಲಿ ಉಳಿದಿರುವುದು ದೇಸಾಯರ ಕುಂಡೆಗೆ ಸಾಕಾಗುವಷ್ಟು ಕಟ್ಟಿಗೆ ಮಾತ್ರ.