ದೋಣಿಯ ಕಣ್ಣು

"ಬೆನ್ನು ಬಗ್ಸಲೇ ಮುದಿಗೂಬೆ! ಅಕ್ಕಿ ಮೂಟೆ ಅದು. ದಿಂಬು ಹೊತ್ಕೊಂಡು ಮಲಗಾಕೆ ಹೊಂಟಂಗೆ ಹೋಗ್ತಾನೆ ನೋಡು!"

ಹೋಟೆಲಿನ ಮ್ಯಾನೇಜರ್ ಕ್ವೆಕ್ ಕಿರುಚಿದ. ಮೇಜುಗಳ ಕಡೆಯಿಂದ ನಗು ಬಂತು. ಬೋಕ್ ಸೆಂಗ್ ಬೆನ್ನು ಬಗ್ಗಿಸಿದ. ಮೂಟೆಯೊಳಗೆ ಇದ್ದದ್ದು ಬರೀ ಸ್ಪಂಜು. ಸಿಂಗಪುರದ ಇದೇ ನದಿಯಲ್ಲಿ ನಿಜವಾದ ಅಕ್ಕಿ, ರಬ್ಬರು ಹೊತ್ತು ಅವನ ಹೆಗಲು ಎಂದೋ ಸವೆದಿತ್ತು. ನದಿ ಗಬ್ಬೆದ್ದಿದೆ ಎಂದು ಸರ್ಕಾರದವರು ಸರಕುದೋಣಿಗಳನ್ನು ಓಡಿಸಿದರು. ನೀರು ತಿಳಿಯಾಯಿತು, ಗೋದಾಮುಗಳು ಹೋಟೆಲುಗಳಾದವು, ದೋಣಿಯವರು ಬೀದಿಪಾಲಾದರು. ಈಗ ಸಂಜೆಯಾದರೆ ಪ್ರವಾಸಿಗರ ಮುಂದೆ ಅಂಗಿ ಬಿಚ್ಚಿ, ತನ್ನದೇ ಹಳೆಯ ಬದುಕಿನ ವೇಷ ಹಾಕಬೇಕು. ಇದಕ್ಕಿಂತ ಹೇಸಿಗೆ ಬೇರೆ ಏನಿದೆ?

ಅಂದು ಬೆಳಿಗ್ಗೆ ಲಾರಿಯಲ್ಲಿ ಒಂದು ಹಳೆಯ ದೋಣಿ ತಂದು ಹೋಟೆಲಿನ ಮುಂದೆ ಸಿಮೆಂಟಿನಲ್ಲಿ ಕೂರಿಸಿದ್ದರು. ಅದರೊಳಗೆ ಬಿಯರ್ ಬಾಟಲಿ ಜೋಡಿಸುತ್ತಾರಂತೆ. ಮೂಟೆ ಇಳಿಸಿ ಹತ್ತಿರ ಹೋದ ಬೋಕ್ ಸೆಂಗ್ ಹಲಗೆ ಸವರಿ ನೋಡಿದ. ಅವನ ಅಪ್ಪನ ದೋಣಿ! ಅವನು ಹುಟ್ಟಿದ್ದೇ ಅದರ ಹಲಗೆಯ ಮೇಲೆ. ದೋಣಿಗೆ ದಾರಿ ಕಾಣಲೆಂದು ಮೂತಿಯ ಎರಡೂ ಬದಿಗೆ ಬಡಿದಿದ್ದ ಮರದ ಕಣ್ಣುಗಳು ಹಾಗೇ ಇದ್ದವು.

"ಕಣ್ಣೇ ಕಿತ್ತಿಲ್ಲ ಕಣೋ," ಎಂದ, ಜೊತೆಗೆ ಮೂಟೆ ಹೊರುವ ಕಿಮ್ ಲೆಂಗನಿಗೆ. "ದೋಣಿ ಸತ್ರೆ ಮೊದ್ಲು ಕಣ್ಣು ಕಿತ್ತು ನೀರಿಗೆ ಬಿಡ್ಬೇಕು ತಾನೆ? ತನ್ನ ಗತಿ ತಾನೇ ನೋಡ್ತಾ ಕುಂತವ್ಳೆ."

"ಸುಮ್ಕಿರಣ್ಣ. ಇರೋ ಗಂಜಿಗೂ ಮಣ್ಣು ಹಾಕ್ಕೋಬ್ಯಾಡ."

ಆದರೂ ಬೋಕ್ ಸೆಂಗ್ ಹೋಗಿ ಕ್ವೆಕ್‌ನನ್ನು ಕೇಳಿದ. "ಸಾರ್, ಆ ಕಣ್ಣು ತೆಗೆಸ್ಬುಡಿ. ಅದು ನೋಡ್ಬಾರ್ದು."

"ಗಿರಾಕಿಗಳು ಫೋಟೋ ಹಿಡಿಯೋದೇ ಆ ಕಣ್ಣಿಗೆ," ಎಂದ ಕ್ವೆಕ್. "ನಿನ್ನ ಕಣ್ಣು ಕೀಳಿಸ್ತೀನಿ. ಹೋಗಿ ಹೊರಲೇ, ಬೋಳಿಮಗ್ನೆ."

ಮತ್ತೆ ಮೂಟೆ ಹೊತ್ತ. ಕುಡಿದವನೊಬ್ಬ ತೂರಾಡುತ್ತ ಬಂದು ದೋಣಿಯ ಕಣ್ಣಿಗೆ ಸಿಗರೇಟು ಒತ್ತಿ ಆರಿಸಿದ.

ಬೋಕ್ ಸೆಂಗ್ ಮೂಟೆ ಬಿಸಾಕಿದ. ಅಡಿಗೆಮನೆಗೆ ನುಗ್ಗಿ ಮಚ್ಚು ತಂದ. ಹಲಗೆಗೆ ಮಚ್ಚು ತೂರಿಸಿ, ಮೊಳೆ ಸಮೇತ ಒಂದು ಕಣ್ಣು ಕಿತ್ತ. ಆಮೇಲೆ ಇನ್ನೊಂದು.

"ಸಾಕು ಕಣವ್ವಾ, ನೋಡಿದ್ದು ಸಾಕು," ಎಂದು ಗೊಳೋ ಎಂದು ಅಳುತ್ತ ಎರಡನ್ನೂ ನದಿಗೆ ಎಸೆದ. ಕೆಲಸ ಹೋಗಲಿ, ಪೊಲೀಸರು ಬರಲಿ. ಜನ್ಮದಲ್ಲಿ ಮೊದಲ ಸಲ ಅವನಿಗೆ ಯಾರ ಭಯವೂ ಇರಲಿಲ್ಲ.

ಮೇಜುಗಳ ಕಡೆಯಿಂದ ಒಬ್ಬಳು ಚಪ್ಪಾಳೆ ತಟ್ಟಿದಳು. ನೋಡನೋಡುತ್ತಿದ್ದಂತೆ ಎಲ್ಲರೂ ಎದ್ದು ನಿಂತು ತಟ್ಟತೊಡಗಿದರು, ಮೊಬೈಲು ಹಿಡಿದರು.

ಕೈ ಎತ್ತಿಕೊಂಡು ಓಡಿಬಂದ ಕ್ವೆಕ್ ಅರ್ಧದಲ್ಲೇ ನಿಂತ. ಗಿರಾಕಿಗಳನ್ನು ನೋಡಿದ. ಎತ್ತಿದ ಕೈಯನ್ನು ಮುದುಕನ ಹೆಗಲ ಮೇಲಿಟ್ಟ.

"ಭೇಷ್ ಕಣಯ್ಯಾ! ಬಡಗಿಗೆ ಹೇಳ್ತೀನಿ, ನಾಳೆಗೆ ಹೊಸ ಕಣ್ಣು ಹೊಡೀತಾನೆ. ದಿನಾ ಹಿಂಗೇ ಕೀಳ್ಬೇಕು. ಅಳೋದು ಮಾತ್ರ ಇನ್ನೊಸಿ ಜೋರಾಗಿರ್ಲಿ."