ಮರಗಟ್ಟಿದ ತೋಳು

"ನಿನ್ನೆ ಸ್ವಲ್ಪ ಇತ್ತಲ್ರೀ?" ಸುಮನ ಮುಲಾಮಿನ ಟ್ಯೂಬನ್ನು ತುದಿಯಿಂದ ಸುತ್ತಿ ಸುತ್ತಿ ಹಿಂಡುತ್ತ ಗಂಡನನ್ನು ಕೇಳಿದಳು. ಕಡಲೆಕಾಳಿನಷ್ಟೂ ಬರಲಿಲ್ಲ. ಎದುರಿಗೆ ಮಗಳು ನಿರುಪಮಾ ಕೈ ಚಾಚಿ ಕೂತಿದ್ದಳು.

"ಮುಗದಿರಬೇಕು," ಎಂದ ಮಧುಕರ, ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಅಂಗಿಯೊಳಗೆ, ಮೊಣಕೈ ಸಂದಿಯಲ್ಲಿ, ಮುಲಾಮಿನ ಮೇಲೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಚರ್ಮಕ್ಕೆ ಅಂಟಿಕೊಂಡಿತ್ತು.

ಮಗಳ ಮೈಯಲ್ಲಿ ರಕ್ತ ತಾನಾಗಿ ಸಾಕಷ್ಟು ಆಗುತ್ತಿರಲಿಲ್ಲ. ತಿಂಗಳು ತಿಂಗಳು ನಾಸಿಕದ ಆಸ್ಪತ್ರೆಗೆ ಒಯ್ದು ಏರಿಸಬೇಕು. ಸೂಜಿ ಕಂಡರೆ ಚೀರುತ್ತಾಳೆಂದು ಸುಮನಳ ಅಣ್ಣ ಮುಂಬಯಿಯಿಂದ ಈ ಮುಲಾಮು ಕಳಿಸಿದ್ದ. ಹಚ್ಚಿ ಒಂದು ತಾಸು ಬಿಟ್ಟರೆ ಚರ್ಮ ಮರಗಟ್ಟುತ್ತದೆ. ಆದರೆ ಒಂದು ಬಾಟಲಿ ರಕ್ತ ಒಯ್ದವರು ತಮ್ಮ ಕಡೆಯಿಂದ ಒಂದು ಬಾಟಲಿ ಕೊಡಬೇಕು, ಅದು ರಕ್ತಭಂಡಾರದ ಪದ್ಧತಿ. ಇಷ್ಟು ದಿನ ಮಧುಕರ ಬ್ಯಾಂಕಿನ ಗೆಳೆಯರನ್ನು ಕರೆದೊಯ್ದು ನಿಭಾಯಿಸಿದ್ದ. ರಕ್ತದಾನದ ಭಾಷಣ ಅವನದು, ಮಲಗುವ ಸರದಿ ಮಂದಿಯದು. ಈ ಸಲ ಒಪ್ಪಿಕೊಂಡಿದ್ದ ಹರಿದಾಸ ಊರಿಗೆ ಹೋಗಿಬಿಟ್ಟಿದ್ದ. ಇನ್ನು ತಾನೇ ಮಲಗಬೇಕು. ಇಬ್ಬರಿಗೆ ಸಾಲದೆಂದು ಗೊತ್ತಿದ್ದೂ ಮಧುಕರ ಬಚ್ಚಲಿನ ಚಿಲಕ ಹಾಕಿಕೊಂಡು ಇದ್ದಷ್ಟನ್ನೂ ತನ್ನ ತೋಳಿಗೆ ಹಿಂಡಿಕೊಂಡಿದ್ದ. ಈಗಲೂ ಹೇಳಬಹುದಿತ್ತು. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ.

ರಿಕ್ಷಾದಲ್ಲಿ ನಿರುಪಮಾ ಅವನಿಗೆ ಒತ್ತಿ ಕೂತಳು. "ಪಪ್ಪಾ, ಆಜ್ ಕ್ರೀಮ್ ನಾಹೀ. ಭಾಳ ದುಖ್ತದೇನು?" ಇವತ್ತು ಕ್ರೀಮಿಲ್ಲ, ನೋಯುತ್ತದೆಯೇ ಎಂದು ಮರಾಠಿ ಬೆರೆಸಿ ಕೇಳಿದಳು.

"ಇರಿವಿ ಕಡದಂಗ, ಅಷ್ಟವ್ವಾ. ಇವತ್ತು ಪಪ್ಪಾನೂ ಚುಚ್ಚಿಸ್ಕೊಳ್ತಾನ."

"ಕ್ರೀಮ್ ಇಲ್ದನ?"

"ಹೂಂ," ಎಂದ. ಮುಖವನ್ನು ರಸ್ತೆಯ ಕಡೆ ತಿರುಗಿಸಿದ.

"ನೋಡು, ಪಪ್ಪಾ ಹೆಂಗ ಧೈರ್ಯ ಮಾಡ್ಯಾರ," ಎಂದಳು ಸುಮನ. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯ ಪಾಯಿಖಾನೆಯಲ್ಲಿ ಪ್ಲಾಸ್ಟಿಕ್ ಕಿತ್ತು, ಕರವಸ್ತ್ರದಿಂದ ತೋಳು ಒರೆಸಿಕೊಂಡು ಬಂದು ರಕ್ತಭಂಡಾರದ ಮಂಚದ ಮೇಲೆ ಮಲಗಿದ. ದಪ್ಪ ಸೂಜಿ ಕಂಡು ಕಣ್ಣು ಮುಚ್ಚಿದ. ಅದು ಒಳಗೆ ಹೋದದ್ದು ತಿಳಿಯಲೇ ಇಲ್ಲ. ಮಂದಾಕಿನಿ ಸಿಸ್ಟರ್ ಅದರ ಮೇಲೆ ಪಟ್ಟಿ ಅಂಟಿಸುವಾಗಲೇ ಕಣ್ಣು ತೆರೆದ.

ಗೋಡೆಯಾಚೆಯ ಕೋಣೆಯಿಂದ ಸುಮನಳ ದನಿ ಕೇಳಿತು. "ಅಲ್ಲಾಡಬ್ಯಾಡವ್ವಾ. ಪಪ್ಪಾ ಅಳ್ತಾರೇನು?"

ನಿರುಪಮಾ ಒಮ್ಮೆ ಚೀರಿದಳು. ಆಮೇಲೆ ತುಟಿ ಕಚ್ಚಿಕೊಂಡವಳಂತೆ ಸುಮ್ಮನಾದಳು.

ಮಧುಕರನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ದುಖತಂಯ್ ಕಾ, ಸಾಹೇಬ?" ನೋಯುತ್ತಿದೆಯೇ ಎಂದು ಸಿಸ್ಟರ್ ಬಗ್ಗಿ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದ. ಅಂಗೈಯಲ್ಲಿದ್ದ ರಬ್ಬರ್ ಚೆಂಡನ್ನು ಹಿಚುಕಿದ, ಇನ್ನೂ ಜೋರಾಗಿ ಹಿಚುಕಿದ. ನಳಿಗೆಯಲ್ಲಿ ರಕ್ತ ಸರಾಗವಾಗಿ ಇಳಿಯುತ್ತಿತ್ತು. ತೋಳು ಎಲ್ಲಿಯೂ ನೋಯುತ್ತಿರಲಿಲ್ಲ.